ಮೂಗಿನ ತೀರ್ಪು

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಎಪ್ವಾಸ್ ಎಂಬ ಊರಿದೆ. ಅಲ್ಲಿನ ಚೀಸಿಗೂ ಅದೇ ಹೆಸರು. ಹೊರಗೆ ಕಿತ್ತಳೆಗೆಂಪು ಸಿಪ್ಪೆ, ಒಳಗೆ ಚಮಚದಲ್ಲಿ ತೆಗೆಯುವಷ್ಟು ಮೆದು. ಮುಚ್ಚಳ ತೆರೆದರೆ ಮಾತ್ರ ದಿನವಿಡೀ ಬೂಟಿನೊಳಗಿದ್ದ ಕಾಲುಚೀಲದ ನಾತ.

ಇದು ಬರೀ ಹೋಲಿಕೆಯಲ್ಲ. ಇಂಥ ಚೀಸಿನ ಸಿಪ್ಪೆಯ ಮೇಲೆ ಬೆಳೆಯುವ ಬ್ರೆವಿಬ್ಯಾಕ್ಟೀರಿಯಂ ಲೈನೆನ್ಸ್ ಎಂಬ ಬ್ಯಾಕ್ಟೀರಿಯಾದ ಹತ್ತಿರದ ಬಂಧುಗಳು ನಮ್ಮ ಪಾದದ ಮೇಲೂ ವಾಸಿಸುತ್ತವೆ. ಮಲೇರಿಯಾ ಹರಡುವ ಒಂದು ಜಾತಿಯ ಹೆಣ್ಣು ಸೊಳ್ಳೆಗಳನ್ನು ಲಿಂಬರ್ಗರ್ ಚೀಸಿನ ವಾಸನೆ ಮನುಷ್ಯರ ಪಾದದ ವಾಸನೆಯಷ್ಟೇ ಸೆಳೆಯುತ್ತದೆ ಎಂದು ತೋರಿಸಿದ ಇಬ್ಬರು ವಿಜ್ಞಾನಿಗಳಿಗೆ 2006ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಸೊಳ್ಳೆಗಿಲ್ಲದ ಭೇದವನ್ನು ನಾವು ಮಾಡುತ್ತೇವೆ. ಯಾವ ಆಧಾರದ ಮೇಲೆ?

2005ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್‌ನ ಒಂದು ಪ್ರಯೋಗ ಇದಕ್ಕೆ ಉತ್ತರದ ಸುಳಿವು ಕೊಡುತ್ತದೆ. ಒಂದೇ ವಾಸನೆಯನ್ನು ಒಮ್ಮೆ 'ಚೆಡ್ಡಾರ್ ಚೀಸ್' ಎಂಬ ಹೆಸರಿನೊಂದಿಗೆ, ಇನ್ನೊಮ್ಮೆ 'ಮೈವಾಸನೆ' ಎಂಬ ಹೆಸರಿನೊಂದಿಗೆ ಜನರಿಗೆ ಮೂಸಲು ಕೊಟ್ಟರು. ಚೀಸ್ ಎಂದಾಗ ಅದು ಹೆಚ್ಚು ಹಿತವೆನಿಸಿತು. ಮೂಗು ತೀರ್ಪು ಕೊಡುವ ಮೊದಲೇ ಕಣ್ಣಿಗೆ ಹೆಸರು ಬಿದ್ದಿತ್ತು.

ಈ ಚೀಸ್‌ಗಳ ಚರಿತ್ರೆ ಕ್ರೈಸ್ತ ಮಠಗಳೊಂದಿಗೆ ಬೆಸೆದುಕೊಂಡಿದೆ. ಮನ್‌ಸ್ಟರ್ ಎಂಬ ಚೀಸಿನ ಹೆಸರೇ ಮಠ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಸಂತ ಬೆನೆಡಿಕ್ಟನ ನಿಯಮದ ಪ್ರಕಾರ ಕಾಯಿಲೆಯವರನ್ನು ಬಿಟ್ಟು ಉಳಿದ ಸನ್ಯಾಸಿಗಳಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ನಿಷಿದ್ಧ. ಹಾಗಾಗಿ ಹಾಲಿನ ಬೆಲೆ ಹೆಚ್ಚಿತ್ತು. ತೇವದ ನೆಲಮಾಳಿಗೆಯಲ್ಲಿಟ್ಟ ಚೀಸನ್ನು ಮತ್ತೆ ಮತ್ತೆ ಉಪ್ಪುನೀರಿನಲ್ಲಿ ತೊಳೆದರೆ ಬೂಷ್ಟು ಹಿಂದೆ ಸರಿಯುತ್ತದೆ, ಉಪ್ಪು ತಡೆಯಬಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎಪ್ವಾಸನ್ನು ಕೊನೆಗೆ ದ್ರಾಕ್ಷಿ ಚರಟದಿಂದ ಇಳಿಸಿದ ಮದ್ಯ ಬೆರೆತ ನೀರಿನಲ್ಲೂ ತೊಳೆಯುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬಹುತೇಕ ಅಳಿದೇಹೋಗಿದ್ದ ಈ ಚೀಸಿಗೆ 1956ರಲ್ಲಿ ಬರ್ಟೋ ದಂಪತಿ ಮರುಜೀವ ಕೊಟ್ಟರು. ಕೊಳೆಯುವುದಕ್ಕೂ ಮಾಗುವುದಕ್ಕೂ ನಡುವೆ ಇರುವುದು ಈ ಕೈಗಳ ಆರೈಕೆ. ಮೂಗಿಗೆ ಆ ಆರೈಕೆ ತಿಳಿಯುವುದಿಲ್ಲ.

ಇಲ್ಲಿಂದ ಪ್ರಶ್ನೆ ನೀತಿಯ ಕಡೆಗೆ ಹೊರಳುತ್ತದೆ. ಅಸಹ್ಯವನ್ನು ನಂಬಬಹುದೆ? ಅಮೆರಿಕದ ಚಿಂತಕ ಲಿಯಾನ್ ಕಾಸ್ 1997ರಲ್ಲಿ ಮಾನವ ತದ್ರೂಪು ಸೃಷ್ಟಿಯನ್ನು ವಿರೋಧಿಸುತ್ತ, ತರ್ಕಕ್ಕೆ ನಿಲುಕದ ವಿವೇಕವೊಂದು ಅಸಹ್ಯದಲ್ಲಿರುತ್ತದೆ ಎಂದು ವಾದಿಸಿದರು. ಮಾರ್ತಾ ನಸ್‌ಬಾಮ್ ಅವರ ನಿಲುವು ಇದಕ್ಕೆ ವಿರುದ್ಧ. ನಮ್ಮದೇ ದೇಹದ ನಶ್ವರತೆಯ ಅಂಜಿಕೆಯನ್ನು ನಾವು ದುರ್ಬಲರ ಮೇಲೆ ಹೊರಿಸುತ್ತೇವೆ, ಆದ್ದರಿಂದ ಅಸಹ್ಯ ಕಾನೂನಿಗೆ ಆಧಾರವಾಗಬಾರದು ಎನ್ನುತ್ತಾರೆ ಅವರು.

ಕಾಸ್ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಹಳಸಿದ ಅನ್ನವನ್ನು ದೂರ ತಳ್ಳುವ ಮೂಗು ಎಷ್ಟೋ ಜೀವ ಉಳಿಸಿದೆ. ಆದರೆ ಸ್ವಿಟ್ಜರ್ಲೆಂಡಿನಲ್ಲಿ 1983ರಿಂದ 1987ರವರೆಗೆ ಇದೇ ಕುಲದ ವಾಶ್ರಾಂ ಮೋಂ-ದೋರ್ ಚೀಸಿನಿಂದ ಲಿಸ್ಟೀರಿಯಾ ಸೋಂಕು ಹರಡಿ 34 ಜನ ಸತ್ತರು. ಲಿಸ್ಟೀರಿಯಾ ಇದೆಯೆಂದು ಮೂಗು ಹೇಳಲಾರದು. ನಿರುಪದ್ರವಿಯಾದ ನಾತಕ್ಕೆ ಬೊಬ್ಬೆ ಹೊಡೆಯುವ ಅದೇ ಮೂಗು ನಿಜವಾದ ಅಪಾಯದೆದುರು ಸುಮ್ಮನಿದ್ದುಬಿಡಬಹುದು.

ಕನ್ನಡದಲ್ಲಿ 'ವಾಸನೆ' ಎಂಬ ಮಾತಿಗೆ ಎರಡರ್ಥ. ಮೂಗಿಗೆ ಬಡಿಯುವುದೂ ವಾಸನೆ, ಹಿಂದಿನ ಅನುಭವಗಳು ಮನಸ್ಸಿನಲ್ಲಿ ಉಳಿಸಿಹೋದ ಸಂಸ್ಕಾರವೂ ವಾಸನೆ. ಮೊದಲನೆಯದನ್ನು ಅಳೆಯುವಾಗ ನಾವು ಬಳಸುವ ಕೋಲು ಎರಡನೆಯದು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಇದು ಗೊತ್ತು. ಒಣಮೀನು ಹುರಿಯುವವರಿಗೆ ಮನೆ ಸಿಗದಿದ್ದಾಗ ಮಾಲೀಕರು ಜಾತಿಯ ಹೆಸರೆತ್ತಬೇಕಾಗಿಲ್ಲ, 'ವಾಸನೆ' ಎಂದರೆ ಸಾಕು. ಅದೇ ಊರಿನಲ್ಲಿ ನಾರುವ ವಿದೇಶಿ ಚೀಸ್ ಅಭಿರುಚಿಯ ಗುರುತು. ಎರಡೂ ಉಪ್ಪು, ಕಾಲ ಮತ್ತು ಕೈಕೆಲಸದಿಂದ ಆಹಾರ ಕಾಯ್ದಿಡುವ ಉಪಾಯಗಳೇ.

ಎಪ್ವಾಸ್ ಎಲ್ಲರಿಗೂ ಇಷ್ಟವಾಗಬೇಕಿಲ್ಲ, ಒಣಮೀನೂ ಅಷ್ಟೆ. ಮೂಗು ಮುಚ್ಚಿಕೊಳ್ಳುವ ಹಕ್ಕು ಯಾರಿಗಾದರೂ ಇದೆ. ಬಾಗಿಲು ಮುಚ್ಚಬೇಕೆಂದರೆ ಮಾತ್ರ ಬೇರೆ ಕಾರಣ ಕೊಡಬೇಕಾಗುತ್ತದೆ.