ಹಳ್ಳಿಯ ಮೌನ ಯಾರದು?

ಕಳೆದ ದೀಪಾವಳಿಯ ಮರುದಿನ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಕಂಪೆನಿಯ ಕೆಲಸದ ಮೇಲೆ ಇಟಲಿಯ ಮಿಲಾನ್ ನಗರಕ್ಕೆ ಹೋದವನು, ಕೆಲಸ ಮುಗಿದ ಮೇಲೆ ಹತ್ತು ದಿನ ರಜೆ ಹಾಕಿ, ಬಾಡಿಗೆಯ ಸೈಕಲ್ಲೊಂದನ್ನು ಹಿಡಿದು ಆ ದೇಶದ ನಡುಭಾಗದ ಗುಡ್ಡನಾಡನ್ನು ಸುತ್ತಿ ಬಂದಿದ್ದ. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತ ಅವನು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಎಂಥ ಶಾಂತಿ, ಮಾವ! ಗಂಟೆಗಟ್ಟಲೆ ತುಳಿದರೂ ದಾರಿಯಲ್ಲಿ ಒಂದು ನರಪಿಳ್ಳೆ ಸಿಕ್ಕುವುದಿಲ್ಲ." ಮುಂಬಯಿಯ ಲೋಕಲ್ ರೈಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಆಯುಷ್ಯ ಕಳೆದ ನಮ್ಮಂಥವರಿಗೆ ಒಂದು ಊರಿನ ಬಗ್ಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನಿದ್ದೀತು?

ಪಕ್ಕದಲ್ಲಿ ನನ್ನ ತಾಯಿ ಕುಳಿತಿದ್ದರು. ಅವರಿಗೆ ಎಂಬತ್ತು ದಾಟಿದೆ. ಕನ್ನಡಕ ಸರಿಮಾಡಿಕೊಂಡು ಚಿತ್ರಗಳನ್ನೆಲ್ಲ ನೋಡಿದರು. ಕಲ್ಲಿನ ಮನೆಗಳು, ಮುಚ್ಚಿದ ಕಿಟಕಿಗಳು, ಬಿಸಿಲು ಬಿದ್ದ ಖಾಲಿ ಅಂಗಳ. "ಚೆಂದ ಉಂಟು ಮಗಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಆದರೆ ಆ ಮನೆಯವರೆಲ್ಲ ಎಲ್ಲಿಗೆ ಹೋದರು?"

ಹುಡುಗ ನಕ್ಕು ಮುಂದಿನ ಚಿತ್ರಕ್ಕೆ ಹೋದ. ನನ್ನನ್ನು ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಅದನ್ನೇ ಓದುಗರ ಮುಂದಿಡಬೇಕೆಂದು ಈ ನಾಲ್ಕು ಮಾತು.

ಮೊದಲು ಆ ದಾರಿಯ ಸುಖವನ್ನು ಒಪ್ಪಿಕೊಳ್ಳೋಣ. ಫ್ಲಾರೆನ್ಸಿಗೂ ಸಿಯೆನಾಕ್ಕೂ ನಡುವೆ ಕಿಯಾಂತಿ ಎಂಬ ಗುಡ್ಡಸೀಮೆಯಿದೆ. ಗಾಯೊಲೆ, ರಾದ್ದಾ ಮೊದಲಾದ ಸಣ್ಣ ಊರುಗಳ ನಡುವೆ, ದ್ರಾಕ್ಷಿ ತೋಟ, ಆಲಿವ್ ತೋಪು, ಓಕ್ ಕಾಡುಗಳನ್ನು ಹಾದು, ಬಿಳಿಯ ಜಲ್ಲಿಯ ದಾರಿಗಳು ಸುತ್ತಿ ಸುತ್ತಿ ಸಾಗುತ್ತವೆ. 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿ ದಾರಿಗಳು, ಎಂದೇ ಅವಕ್ಕೆ ಹೆಸರು. ಸಿಯೆನಾದಿಂದ ದಕ್ಷಿಣಕ್ಕೆ ಹೋದರೆ ಬೋಳು ಜೇಡಿಮಣ್ಣಿನ ದಿಬ್ಬಗಳು. ಅವುಗಳಾಚೆ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಓರ್ಚಾ ಕಣಿವೆ. ಊರುಗಳು ಹೆಚ್ಚಾಗಿ ಗುಡ್ಡದ ತಲೆಯ ಮೇಲೆ. ಮಧ್ಯಯುಗದಲ್ಲಿ ಶತ್ರುಗಳ ಭಯ, ತಗ್ಗಿನಲ್ಲಿ ಮಲೇರಿಯಾದ ಭಯ. ಆದುದರಿಂದ ಜನ ಮೇಲೆ ಮನೆ ಕಟ್ಟಿಕೊಂಡರು. ಸೈಕಲ್ಲಿನವನಿಗೆ ಇದರ ಅರ್ಥ, ಪ್ರತಿ ಊಟಕ್ಕೂ ಮೊದಲು ಒಂದು ಏರು. ಬೆವರು ಸುರಿಸಿ ಏರಿದವನಿಗೆ, ಬಸ್ಸಿನಲ್ಲಿ ಬಂದವನಿಗಿಂತ ಆ ಊರು ಹೆಚ್ಚು ತನ್ನದು ಎನ್ನಿಸುವುದು ಸಹಜ.

ಇನ್ನು ನನ್ನ ತಾಯಿಯ ಪ್ರಶ್ನೆ. ಟಸ್ಕನಿ, ಅಂಬ್ರಿಯ ಪ್ರಾಂತಗಳಲ್ಲಿ ಶತಮಾನಗಳ ಕಾಲ 'ಮೆತ್ಸಾದ್ರಿಯಾ' ಎಂಬ ಪದ್ಧತಿಯಿತ್ತು. ನೆಲವೂ ಮನೆಯೂ ಧಣಿಯವು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧ ಧಣಿಗೆ. ಗೇಣಿ, ಧಣಿ, ಒಕ್ಕಲು ಎಂದಮೇಲೆ ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಂದು ದಿಬ್ಬಕ್ಕೊಂದರಂತೆ ಚೆಲುವಾಗಿ ಕಾಣುವ ಒಂಟಿ ಕಲ್ಲುಮನೆಗಳಲ್ಲಿ ಎಷ್ಟೋ ಮನೆಗಳು ಅಂಥ ಒಕ್ಕಲುಗಳವು. ಎರಡನೆಯ ಮಹಾಯುದ್ಧದ ನಂತರ ಅವರ ಮಕ್ಕಳು ಗುಡ್ಡವಿಳಿದು ಕಾರ್ಖಾನೆಗಳ ಕಡೆಗೆ ನಡೆದರು. 1964ರ ಕಾಯಿದೆ ಅಂಥ ಹೊಸ ಕರಾರುಗಳನ್ನು ನಿಷೇಧಿಸಿತು. ಆ ವೇಳೆಗಾಗಲೇ ಎಷ್ಟೋ ಒಲೆಗಳು ಆರಿದ್ದವು. ಇಡೀ ದೇಶದ ಲೆಕ್ಕ ಹಿಡಿದರೆ, 1876ರಿಂದ 1976ರ ವರೆಗಿನ ನೂರು ವರ್ಷಗಳಲ್ಲಿ ಸುಮಾರು ಎರಡೂವರೆ ಕೋಟಿ ಜನ ಇಟಲಿ ಬಿಟ್ಟು ಅಮೆರಿಕ, ಅರ್ಜೆಂಟೀನ, ಫ್ರಾನ್ಸ್, ಜರ್ಮನಿ ಮೊದಲಾದ ಕಡೆ ಹೊಟ್ಟೆಪಾಡಿಗೆ ಹೋದರು. ಕೆಲವರು ಮರಳಿದರು, ಬಹಳ ಮಂದಿ ಮರಳಲಿಲ್ಲ.

ಅಂಬ್ರಿಯದಲ್ಲಿ ಸ್ಪೊಲೆತೊದಿಂದ ನೊರ್ಚಾಕ್ಕೆ 1926ರಲ್ಲಿ ಒಂದು ಪುಟ್ಟ ರೈಲು ಆರಂಭವಾಯಿತು. ಐವತ್ತೊಂದು ಕಿಲೋಮೀಟರು ದಾರಿ, ಹತ್ತೊಂಬತ್ತು ಸುರಂಗಗಳು. 1968ರಲ್ಲಿ ಅದು ನಿಂತುಹೋಯಿತು. ಹಳಿ ಕಿತ್ತ ಆ ದಾರಿಯಲ್ಲಿ ಈಗ ನಡೆಯುವವರೂ ಸೈಕಲ್ಲಿನವರೂ ಸಾಗುತ್ತಾರೆ. ನಮ್ಮ ಹುಡುಗ ತುಂಬ ಮೆಚ್ಚಿದ ದಾರಿಗಳಲ್ಲಿ ಇದೂ ಒಂದು. ಏರು ಹಿತವಾಗಿದೆ, ವಾಹನಗಳ ಕಾಟವಿಲ್ಲ ಎಂದ. ಇರುವುದು ಹೇಗೆ? ರೈಲಿಗೆಂದು ಮಾಡಿದ ಏರು ಅದು. ರೈಲೇ ಹೋದಮೇಲೆ ಉಳಿದದ್ದು.

ಹೀಗೆ ನೋಡಿದರೆ, ಪ್ರವಾಸಿಗೆ ದೊರೆಯುವ ಆ ಮೌನ ಬೆಟ್ಟದಂತೆ, ಹೊಳೆಯಂತೆ ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. ಒಂದು ಕಾಲಕ್ಕೆ ಆ ಅಂಗಳಗಳಲ್ಲಿ ಎತ್ತುಗಳಿದ್ದವು, ಜಗಳಗಳಿದ್ದವು, ಅಳುವ ಮಕ್ಕಳಿದ್ದವು. ಅವೆಲ್ಲ ಹೊರಟುಹೋದ ಮೇಲೆ ಉಳಿದದ್ದು ಈ ಶಾಂತಿ. ಹಾಗಾದರೆ ಪ್ರಶ್ನೆ ಇದು: ಇನ್ನೊಬ್ಬರ ಅಗಲಿಕೆಯಿಂದ ಹುಟ್ಟಿದ ಶಾಂತಿಯನ್ನು ನಾವು ಸುಖವೆಂದು ಅನುಭವಿಸುವುದು ಸರಿಯೆ?

ತಪ್ಪೇನು ಎನ್ನುವವರಿದ್ದಾರೆ; ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೈಕಲ್ಲಿನ ಪ್ರವಾಸಿ ಯಾರನ್ನೂ ಮನೆಯಿಂದ ಹೊರಹಾಕಿದವನಲ್ಲ. ಹೋದವರೂ ಬರೀ ದುಃಖಕ್ಕೆ ಹೋದವರಲ್ಲ; ಅರ್ಧ ಬೆಳೆ ಅಳೆದುಕೊಟ್ಟು ಕೈಮುಗಿದು ನಿಲ್ಲುವ ಬದುಕಿನಿಂದ ಬಿಡುಗಡೆ ಹೊಂದಲು ಹೋದವರು. ನೋಡುವವರ ಕಣ್ಣಿಗೆ ಹೊಲ ಚೆಂದವಾಗಿರಲಿ ಎಂದು ಯಾರೂ ಬಡವರಾಗಿ ಉಳಿಯಬೇಕಾಗಿಲ್ಲ. ಅಷ್ಟೇ ಅಲ್ಲ, ಪ್ರವಾಸಿಯ ಪ್ರೀತಿಯಿಂದ ಬದುಕಿಕೊಂಡದ್ದೂ ಇದೆ. 1997ರಲ್ಲಿ ಗಾಯೊಲೆಯಲ್ಲಿ 92 ಮಂದಿ ಹಳೆಯ ಸೈಕಲ್ಲುಗಳನ್ನೇರಿ ಬಿಳಿ ದಾರಿಗಳಲ್ಲಿ ಒಂದು ಸವಾರಿ ಹೊರಟರು. ಡಾಮರಿನಡಿ ಆ ದಾರಿಗಳು ಕಾಣೆಯಾಗಬಾರದು ಎಂಬುದು ಅವರ ಉದ್ದೇಶ. 'ಎರೋಯಿಕಾ' ಎಂಬ ಆ ಸವಾರಿಗೆ ಇಂದು ಸಾವಿರಾರು ಜನ ಸೇರುತ್ತಾರೆ, ದಾರಿಗಳೂ ಉಳಿದಿವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ರೋಮಿನ ಉತ್ತರಕ್ಕೆ ಚಿವಿತಾ ದಿ ಬಾಞೊರೆಜೊ ಎಂಬ ಊರಿದೆ. ಜೇಡಿಮಣ್ಣಿನ ಮೇಲೆ ಕುಳಿತ ಕಲ್ಲುಬಂಡೆಯ ಊರು. ಬುಡ ಸವೆದು ಅಂಚಿನ ಮನೆಗಳು ಒಂದೊಂದಾಗಿ ಕುಸಿದಿವೆ. 'ಸಾಯುತ್ತಿರುವ ಊರು' ಎಂದು ಅದರ ಬಿರುದು. ಒಳಗೆ ಹೋಗಲು ಒಂದೇ ಕಾಲುಸೇತುವೆ. 2013ರಿಂದ ಅಲ್ಲಿ ಪ್ರವೇಶಕ್ಕೆ ಟಿಕೆಟ್ಟು. ವರ್ಷಕ್ಕೆ ಲಕ್ಷಗಟ್ಟಲೆ ಜನ ಬಂದು ಹೋಗುತ್ತಾರೆ. ಖಾಯಂ ವಾಸಿಸುವವರನ್ನು ಕೈಬೆರಳುಗಳಲ್ಲಿ ಎಣಿಸಬಹುದು. ಟಿಕೆಟ್ಟಿನ ಹಣ ಊರಿಗೆ ಉಪಕಾರವೇ ಸರಿ. ಆದರೆ ಟಿಕೆಟ್ಟು ಕೊಂಡು ನೋಡುವ ಊರನ್ನು ಊರೆನ್ನಬಹುದೆ, ವಸ್ತುಸಂಗ್ರಹಾಲಯ ಎನ್ನಬೇಕೆ?

ಇಲ್ಲಿ ನನ್ನದೊಂದು ಮಾತು ಹೇಳಿಕೊಳ್ಳಬೇಕು. ಆರೇಳು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ, ಹೆದ್ದಾರಿಯಿಂದ ನಮ್ಮ ಮನೆಗೆ ಹೋಗುವ ಮಣ್ಣಿನ ದಾರಿಗೆ ಕಾಂಕ್ರೀಟು ಹಾಕಿದ್ದರು. ಎರಡೂ ಬದಿಯ ಹಳೆಯ ಮರಗಳು ಹೋಗಿದ್ದವು. ನನಗೆ ಹೊಟ್ಟೆ ಉರಿಯಿತು. ದೊಡ್ಡಪ್ಪನ ಮಗ, ಊರಲ್ಲೇ ಉಳಿದು ಜಮೀನು ನೋಡಿಕೊಂಡವನು, ಜಗಲಿಯಲ್ಲಿ ಕುಳಿತಿದ್ದ. "ಎಂಥ ಕೆಲಸ ಮಾಡಿಬಿಟ್ಟಿರಿ ಅಣ್ಣ, ಊರಿನ ಚೆಂದವೇ ಹೋಯಿತು" ಎಂದೆ. ಅವನು ಸಿಟ್ಟಾಗಲಿಲ್ಲ. "ನಿನಗೆ ಆ ಮಣ್ಣಿನ ದಾರಿ ವರ್ಷಕ್ಕೆ ಎಂಟು ದಿನ, ತಮ್ಮ. ನಮಗೆ ಮಳೆಗಾಲ ನಾಲ್ಕು ತಿಂಗಳು. ನಿನ್ನ ಅತ್ತಿಗೆಗೆ ಎದೆನೋವು ಬಂದ ದಿನ ರಿಕ್ಷಾ ಹೂತುಹೋಯಿತು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು" ಎಂದ. ಅತ್ತಿಗೆ ಒಳಗಿನಿಂದ ಚಹಾ ತಂದಿಟ್ಟರು. ನಾನು ತಲೆಯೆತ್ತಲಿಲ್ಲ.

ಕಿಯಾಂತಿಯ ಬಿಳಿ ದಾರಿಯ ವಿಚಾರ ಓದುವಾಗ ಆ ಜಗಲಿಯೇ ನನ್ನ ಕಣ್ಣ ಮುಂದೆ ಬಂತು. ಜಲ್ಲಿಯ ದಾರಿ ಸವಾರನಿಗೆ ಕಾವ್ಯ. ಆ ದಾರಿಯ ಕೊನೆಯಲ್ಲಿ ಮನೆ ಇರುವವನಿಗೆ ಬೇಸಗೆಯಲ್ಲಿ ಅದು ಬಟ್ಟೆಯ ಮೇಲಿನ ಧೂಳು, ಮಳೆಯಲ್ಲಿ ಕೆಸರು, ರಾತ್ರಿಯಲ್ಲಿ ಡಾಕ್ಟರಿಗೂ ತನಗೂ ನಡುವಿನ ದೂರ. ದಾರಿ ಹಾಗೇ ಉಳಿಯಲಿ ಎಂದು ಬಯಸಲು ಇಬ್ಬರಿಗೂ ಸ್ವಾತಂತ್ರ್ಯವಿದೆ. ಆದರೆ ಬಯಕೆಯ ಬೆಲೆ ತೆರುವವನು ಒಬ್ಬನೇ.

ಆದ್ದರಿಂದ ನನಗೆ ತೋಚುವುದು ಇಷ್ಟು. ಆ ಮೌನದಲ್ಲಿ ಸುಖಪಡುವುದು ತಪ್ಪಲ್ಲ. ಅದು ಹಾಗೆಯೇ ಇರಬೇಕು, ಅಲ್ಲಿ ಉಳಿದವರು ಅದನ್ನು ನಮಗಾಗಿ ಕಾದಿಡಬೇಕು ಎಂದು ಅಪೇಕ್ಷಿಸುವಲ್ಲಿ ತಪ್ಪು ಆರಂಭವಾಗುತ್ತದೆ. ಪರೀಕ್ಷೆ ಸುಲಭ. ಏರು ಹತ್ತುತ್ತಿರುವಾಗ ಹಿಂದಿನಿಂದ ಟ್ರಾಕ್ಟರಿನ ಸದ್ದು ಬಂದರೆ, ಖಾಲಿಯೆಂದು ಮೆಚ್ಚಿದ ಚೌಕದಲ್ಲಿ ಹತ್ತು ಮಕ್ಕಳು ಚೆಂಡಾಡತೊಡಗಿದರೆ, ನಮ್ಮ ಮನಸ್ಸು ಮುನಿಯುತ್ತದೆಯೆ, ಅರಳುತ್ತದೆಯೆ? ಮುನಿದರೆ ನಾವು ಪ್ರೀತಿಸಿದ್ದು ಆ ಊರನ್ನಲ್ಲ, ಅದರ ಬರಿದುತನವನ್ನು.

ಇಟಲಿಯ ಕಲಾಬ್ರಿಯದ ಮಾನವಶಾಸ್ತ್ರಜ್ಞ ವಿತೊ ತೇತಿ ಎಂಬವರು ವಲಸೆಯ ಬಗ್ಗೆ ಜೀವಮಾನವಿಡೀ ಬರೆದವರು. 'ರೆಸ್ತಾಂತ್ಸಾ' ಎಂಬ ಒಂದು ಮಾತನ್ನು ಅವರು ಬಳಕೆಗೆ ತಂದಿದ್ದಾರೆ, ಉಳಿಯುವಿಕೆ ಎನ್ನಬಹುದು. ಉಳಿಯುವುದೆಂದರೆ ಕೈಲಾಗದೆ ಬಿದ್ದಿರುವುದಲ್ಲ. ಹೊರಡುವುದಕ್ಕೆ ಎಷ್ಟು ಧೈರ್ಯ ಬೇಕೋ ಉಳಿಯುವುದಕ್ಕೂ ಅಷ್ಟೇ ಬೇಕು ಎಂಬುದು ಅದರ ತಿರುಳು. ಹೊರಟವರ ಸಾಹಸವನ್ನು ನಮ್ಮ ಸಂಘಗಳಲ್ಲಿ ನಾವು ಬೇಕಾದಷ್ಟು ಕೊಂಡಾಡಿದ್ದೇವೆ. ಬರಿಗೈಯಲ್ಲಿ ಬಂದು ಹೋಟೆಲು ಕಟ್ಟಿದವರು, ರಾತ್ರಿ ಶಾಲೆಯಲ್ಲಿ ಓದಿ ಅಧಿಕಾರಿಗಳಾದವರು. ಕೊಂಡಾಡಬೇಕಾದ್ದೇ. ಆದರೆ ಜಗಲಿಯಲ್ಲಿ ಕುಳಿತಿದ್ದ ಆ ಅಣ್ಣನಿಗೆ ಒಂದು ಹಾರವನ್ನು ಎಂದಾದರೂ ಹಾಕಿದ್ದೇವೆಯೆ?

ತಂಗಿಯ ಮಗ ಮುಂದಿನ ವರ್ಷ ಮತ್ತೆ ಹೋಗುತ್ತಾನಂತೆ. ಈ ಸಲ ಅಬ್ರುತ್ಸೊದ ಬೆಟ್ಟಗಳಿಗೆ. ಹೋಗಬೇಡ ಎಂದು ನಾನೇಕೆ ಹೇಳಲಿ? ಸೈಕಲ್ಲಿನಷ್ಟು ಸಭ್ಯವಾದ ವಾಹನ ಇನ್ನೊಂದಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಯಾರಾದರೂ ಕೈಯೆತ್ತಿದರೆ ಅಲ್ಲೇ ನಿಲ್ಲಬಹುದು. ನಾನು ಹೇಳಿದ್ದು ಇಷ್ಟೆ: ಬುತ್ತಿಯನ್ನು ದೊಡ್ಡ ಪೇಟೆಯಿಂದ ಕಟ್ಟಿಕೊಂಡು ಹೋಗಬೇಡ. ಊರಿನ ಒಂದೇ ಅಂಗಡಿಯಲ್ಲಿ ರೊಟ್ಟಿ ಕೊಂಡುಕೊ, ಅಲ್ಲೇ ಕಾಫಿ ಕುಡಿ. ಎದುರಾದ ಮುದುಕರಿಗೆ ನಮಸ್ಕಾರ ಹೇಳು. ದಾರಿಗೆ ಡಾಮರು ಬಂದಿದ್ದರೆ ಗೊಣಗಬೇಡ. ಮಾತು ಬಂದಷ್ಟರಲ್ಲಿ ಒಂದು ಪ್ರಶ್ನೆ ಕೇಳು, ಅಜ್ಜಿ ಕೇಳಿದ್ದನ್ನೇ: ಆ ಮನೆಯವರೆಲ್ಲ ಎಲ್ಲಿಗೆ ಹೋದರು?

ಉತ್ತರ ತಿಳಿದು ಬಾ ಎಂದು ಅಜ್ಜಿಯೂ ಹೇಳಿದ್ದಾರೆ. ಅವರು ಕಾಯುತ್ತಿದ್ದಾರೆ.