ಕೇಳಿದವನ ಋಣ

ಕಾಡು, ನದಿ, ವನ್ಯಮೃಗ ಇವುಗಳ ರಕ್ಷಣೆಗಾಗಿ ನಿಯಮ ಮಾಡುವ ಮುನ್ನ ಪ್ರಜೆಗಳನ್ನು ಕೇಳಬೇಕೆಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಧರ್ಮ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಕರಡು ಅಧಿಸೂಚನೆಯೊಂದು ರಾಜಪತ್ರದಲ್ಲಿ ಪ್ರಕಟವಾದ ಮೇಲೆ ಸಾಮಾನ್ಯವಾಗಿ 60 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಕಳುಹಿಸಬಹುದು. ಗಣಿ, ಅಣೆಕಟ್ಟು ಮೊದಲಾದ ಯೋಜನೆಗಳ ವಿಷಯದಲ್ಲಿ 2006ರ ಅಧಿಸೂಚನೆಯು ಸ್ಥಳದಲ್ಲಿಯೇ ಅಹವಾಲು ಸಭೆ ನಡೆಯಬೇಕೆಂದು ವಿಧಿಸಿದೆ. ಇದು ಶ್ಲಾಘ್ಯವಾದ ಪದ್ಧತಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಬೇರೊಂದಿದೆ: ಕೇಳುವುದು ಎಂದರೇನು? ಕೇಳಿದ ಮಾತ್ರಕ್ಕೆ ಕೇಳಿದವನ ಕರ್ತವ್ಯ ಮುಗಿಯಿತೆ?

ಮೊದಲನೆಯದಾಗಿ ಭಾಷೆಯ ಮಾತು. 2020ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಪರಿಸರ ಪರಿಣಾಮ ನಿರ್ಧಾರದ ಬಗ್ಗೆ ಹೊಸದೊಂದು ಕರಡನ್ನು ಸಿದ್ಧಪಡಿಸಿತು. ಅಹವಾಲು ಸಭೆಗೆ ಮುನ್ನ ಜನರಿಗೆ ದೊರೆಯುವ 30 ದಿನಗಳ ಅವಧಿಯನ್ನು 20 ದಿನಗಳಿಗೆ ಇಳಿಸುವ ಸೂಚನೆಯೂ ಅದರಲ್ಲಿತ್ತು. ದೇಶದ ಸಮಸ್ತ ಪ್ರಜೆಗಳ ಅಭಿಪ್ರಾಯವನ್ನು ಬೇಡಿದ ಆ ಕರಡು ಹಿಂದಿ ಮತ್ತು ಇಂಗ್ಲಿಷುಗಳಲ್ಲಿ ಪ್ರಕಟವಾಯಿತು. ಆ ವರ್ಷದ ಜೂನ್ 30ರಂದು ದೆಹಲಿಯ ಉಚ್ಚ ನ್ಯಾಯಾಲಯವು ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಬೇಕೆಂದು ಆಜ್ಞಾಪಿಸಿತು. ಕಾನೂನು ಕೇಳುವುದು ಹಿಂದಿ, ಇಂಗ್ಲಿಷುಗಳನ್ನು ಮಾತ್ರ ಎಂಬುದು ಮಂತ್ರಾಲಯದ ವಾದವಾಗಿತ್ತು. ಕಾನೂನಿನ ಅಕ್ಷರದ ದೃಷ್ಟಿಯಿಂದ ಆ ವಾದಕ್ಕೆ ಆಧಾರವಿರಬಹುದು. ಆದರೆ ತಿಳಿಯದ ಭಾಷೆಯಲ್ಲಿ ಒಬ್ಬನನ್ನು ಪ್ರಶ್ನಿಸಿ, ಅವನು ಮೌನವಾಗಿರುವುದನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಯಾವ ನ್ಯಾಯ?

ಇದಕ್ಕಿಂತ ಹಳೆಯದಾದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿದೆ. ಅಭಯಾರಣ್ಯವೊಂದನ್ನು ಘೋಷಿಸುವ ಉದ್ದೇಶವಿದ್ದಾಗ ಕಲೆಕ್ಟರರು ಆ ಪ್ರದೇಶದ ಮತ್ತು ಅದರ ನೆರೆಯ ಪ್ರತಿಯೊಂದು ಊರಿನಲ್ಲಿಯೂ ಪ್ರಾದೇಶಿಕ ಭಾಷೆಯಲ್ಲಿ ಪ್ರಕಟಣೆ ಹೊರಡಿಸಬೇಕೆಂದು ಅದರ 21ನೆಯ ಕಲಮು ಹೇಳುತ್ತದೆ. ಒಳ್ಳೆಯದು. ಆದರೆ ಗಡಿಯಾಚೆಯ ಕನ್ನಡಿಗರಾದ ನಮಗೆ ಇಲ್ಲಿಯೂ ಒಂದು ತೊಡಕುಂಟು. ಪ್ರಾದೇಶಿಕ ಭಾಷೆ ಎಂದರೆ ಯಾರ ಭಾಷೆ? ಸತ್ಯಮಂಗಲದ ಹುಲಿ ರಕ್ಷಿತ ಅರಣ್ಯದ ಅಂಚಿನಲ್ಲಿರುವ ತಾಳವಾಡಿಯ ರೈತನಿಗೆ ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ವಯನಾಡಿನಲ್ಲಿ, ಕಾಸರಗೋಡಿನಲ್ಲಿ ಕಚೇರಿಯ ಮಾತು ಮಲೆಯಾಳ. ಸಂವಿಧಾನದ 350ನೆಯ ಅನುಚ್ಛೇದವು, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ನಮ್ಮ ಭಾಷೆಯಲ್ಲಿ ದೂರುವ ಹಕ್ಕು ನಮಗುಂಟು. ದೂರಬೇಕಾದ ವಿಷಯ ನಮ್ಮ ಭಾಷೆಯಲ್ಲಿ ನಮಗೆ ತಲುಪುವುದೆಂಬ ಭರವಸೆ ಮಾತ್ರ ಇಲ್ಲ. ಬಾಯಿಯನ್ನು ಬಿಟ್ಟುಕೊಟ್ಟು ಕಿವಿಯನ್ನು ಮುಚ್ಚಿದಂತೆ ಈ ವ್ಯವಸ್ಥೆ.

ಎರಡನೆಯದು, ಕೇಳಿದ ಮೇಲಿನ ಮಾತು. ಪಶ್ಚಿಮ ಘಟ್ಟಗಳ ಕಥೆಯನ್ನು ನೋಡಿರಿ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞ ಸಮಿತಿ 2011ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಯಾವ ಪ್ರದೇಶಕ್ಕೆ ಎಷ್ಟು ರಕ್ಷಣೆ ಬೇಕೆಂಬುದನ್ನು ಗ್ರಾಮಸಭೆಗಳೊಡನೆ ಚರ್ಚಿಸಿ ನಿರ್ಧರಿಸಬೇಕೆಂಬುದು ಸಮಿತಿಯ ಆಶಯವಾಗಿತ್ತು. ಆದರೆ ವರದಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಉಳಿಯಿತು. ಮಾಹಿತಿ ಆಯೋಗ ಮತ್ತು ನ್ಯಾಯಾಲಯಗಳು ನಿರ್ದೇಶಿಸಿದ ಮೇಲೆ 2012ರ ಮೇ ತಿಂಗಳಿನಲ್ಲಿ ಹೊರಬಂದಿತು. ಓದಲು ಸಿಕ್ಕದ ಗ್ರಂಥದ ಬಗ್ಗೆ ಊಹಾಪೋಹಗಳೇ ಭಾಷ್ಯವಾದುವು. ಘಟ್ಟದ ರೈತರಲ್ಲಿ ಭಯ ಬೇರೂರಿತು. ಅನಂತರ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಅನುಸರಿಸಿ 2014, 2015, 2017, 2018, 2022 ಮತ್ತು 2024ರಲ್ಲಿ, ಹೀಗೆ ಆರು ಬಾರಿ ಕರಡು ಹೊರಟಿತು. ಆರು ಬಾರಿಯೂ ಜನರನ್ನು ಕೇಳಿದರು. ಆರನೆಯ ಕರಡು ಹೊರಟದ್ದು 2024ರ ಜುಲೈ 31ರಂದು. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಭೂಕುಸಿತದಲ್ಲಿ ಕೊಚ್ಚಿಹೋದ ಮರುದಿನ. ಕರಡು ಅಂತಿಮವಾಗಿದ್ದರೆ ಆ ಜೀವಗಳು ಉಳಿಯುತ್ತಿದ್ದುವೆಂದು ಹೇಳುವುದು ದುಡುಕಾದೀತು. ಆದರೆ ಹತ್ತು ವರ್ಷ ಕೇಳುತ್ತಲೇ ಇದ್ದು, ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಏಕೆ ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು ಎಂಬುದನ್ನು ಊರಿಗೆ ಹೋಗಿ ತಿಳಿಸದಿದ್ದರೆ, ಕೇಳುವಿಕೆಯು ನಿರ್ಧಾರವನ್ನು ಮುಂದೂಡುವ ಉಪಾಯವಾಗಿಬಿಡುತ್ತದೆ.

ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿಯ ಪ್ರಶ್ನೆಗೆ ಕುರುಸಭೆ ಮೌನವಾಗಿದ್ದಾಗ ವಿದುರನು ಎಚ್ಚರಿಸಿದ ಮಾತನ್ನು ಬಲ್ಲವರು ಬಲ್ಲರು. ಧರ್ಮವನ್ನು ತಿಳಿದೂ ಸಭೆಯಲ್ಲಿ ಎದ್ದ ಪ್ರಶ್ನೆಗೆ ಉತ್ತರ ಹೇಳದವನಿಗೆ ಅಸತ್ಯದ ಪಾಪದಲ್ಲಿ ಅರ್ಧ ಪಾಲು ಬರುವುದೆಂದು ಅವನ ಮಾತಿನ ತಾತ್ಪರ್ಯ. ಸಭೆ ಕೂಡಿಸಿದವನಿಗೆ ಈ ಋಣ ಇನ್ನೂ ಹೆಚ್ಚು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಆನೆಗೆ ಬಾಯಿಲ್ಲ, ಹುಲಿಯನ್ನು ಸಭೆಗೆ ಕರೆಯುವಂತಿಲ್ಲ. ಮನುಷ್ಯರನ್ನಷ್ಟೇ ಕೇಳಿದರೆ ಅವರು ತಮ್ಮ ಹೊಲಮನೆಯ ಹಿತವನ್ನೇ ನುಡಿದಾರು. ಆಗ ಮೂಕಪ್ರಾಣಿಗೆ ರಕ್ಷಕರು ಯಾರು? ಈ ಶಂಕೆ ಕ್ಷುಲ್ಲಕವಲ್ಲ. ಆದರೆ ಅಭಿಪ್ರಾಯವನ್ನು ಕೇಳುವುದು ಮತಗಣನೆಯಲ್ಲ. ಕೇಳಿದವನು ಹೇಳಿದಂತೆಯೇ ನಡೆಯಬೇಕಾಗಿಲ್ಲ. ನಡೆಯದಿದ್ದರೆ ಕಾರಣ ಹೇಳಬೇಕು, ಅಷ್ಟೆ. ಅಲ್ಲದೆ ರಾಗಿಯ ಬೆಳೆಯನ್ನು ಆನೆಗೆ ಕಳೆದುಕೊಂಡವನ ದೂರಿನಲ್ಲಿ ಆನೆ ಯಾವ ದಾರಿಯಿಂದ, ಯಾವ ಋತುವಿನಲ್ಲಿ ಬರುವುದೆಂಬ ಜ್ಞಾನವೂ ಅಡಗಿರುತ್ತದೆ. ಆ ದೂರನ್ನು ಕೇಳದೆ ಎಳೆದ ಗಡಿರೇಖೆ ನಕ್ಷೆಯಲ್ಲಿ ಉಳಿದೀತೇ ಹೊರತು ನೆಲದಲ್ಲಿ ನಿಲ್ಲದು.

ಜನರನ್ನು ಕೇಳಿದರೆ ಪ್ರಕೃತಿಗೆ ಹಾನಿಯೇ ಎಂಬ ಭಾವನೆಗೆ ಒಡಿಶಾದ ನಿಯಮಗಿರಿಯೂ ಉತ್ತರ ಕೊಟ್ಟಿದೆ. ಅಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆ ಬಂದಾಗ, ತಮ್ಮ ಧಾರ್ಮಿಕ ಹಕ್ಕುಗಳಿಗೆ ಅದರಿಂದ ಬಾಧೆಯುಂಟೆ ಎಂಬುದನ್ನು ಗ್ರಾಮಸಭೆಗಳೇ ವಿಚಾರಿಸಲೆಂದು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ತೀರ್ಪಿತ್ತಿತು. 12 ಹಳ್ಳಿಗಳಲ್ಲಿ ಸಭೆ ಸೇರಿತು; ಜಿಲ್ಲಾ ನ್ಯಾಯಾಧೀಶರು ವೀಕ್ಷಕರಾಗಿದ್ದರು. ಡೋಂಗ್ರಿಯಾ ಕೊಂಧ ಮೊದಲಾದ ಗಿರಿವಾಸಿಗಳ ಆ 12 ಸಭೆಗಳೂ ಗಣಿ ಬೇಡವೆಂದುವು. 2014ರಲ್ಲಿ ಪರಿಸರ ಮಂತ್ರಾಲಯ ಯೋಜನೆಯನ್ನು ತಿರಸ್ಕರಿಸಿತು. ಕೇಳಿದರು, ಆಲಿಸಿದರು, ಉತ್ತರಿಸಿದರು, ಬೆಟ್ಟ ಉಳಿಯಿತು.

ಕೇಳಿದವನಿಗೆ ಋಣವಿರುವಂತೆ ಕೇಳಲ್ಪಟ್ಟವನಿಗೂ ಒಂದು ಕರ್ತವ್ಯವುಂಟು. 2006ರ ಅಧಿಸೂಚನೆಯಂತೆ ಅಹವಾಲು ಸಭೆಗೆ ಇಷ್ಟೇ ಜನ ಬರಬೇಕೆಂಬ ಕನಿಷ್ಠ ಸಂಖ್ಯೆಯ ನಿರ್ಬಂಧವಿಲ್ಲ. ಬಾರದವರ ಗೈರುಹಾಜರಿಯಿಂದ ಸಭೆ ನಿಲ್ಲುವುದಿಲ್ಲ. ಆದ್ದರಿಂದ ಕನ್ನಡ ಶಾಲೆಗಳ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ನಮ್ಮ ಕಾಡಿಗೆ, ನಮ್ಮ ಹೊಳೆಗೆ ಸಂಬಂಧಿಸಿದ ಕರಡೊಂದು ಹೊರಟಾಗ, ರಾಜ್ಯಭಾಷೆಯನ್ನೂ ಕನ್ನಡವನ್ನೂ ಬಲ್ಲ ಮೇಲಿನ ತರಗತಿಯ ವಿದ್ಯಾರ್ಥಿಗಳಿಂದ ಅದರ ಸಾರವನ್ನು ತಿಳಿಗನ್ನಡದಲ್ಲಿ ಬರೆಯಿಸಿರಿ. ಊರಿನ ಹಿರಿಯರ ಮುಂದೆ ಓದಿಸಿರಿ. ಅವರು ಹೇಳಿದ್ದನ್ನು ಕನ್ನಡದಲ್ಲಿಯೇ ಬರೆದು, ಅವಧಿ ಮೀರುವ ಮುನ್ನ ಕಳುಹಿಸಿರಿ. ಅನುವಾದದ ಅಭ್ಯಾಸಕ್ಕೆ ಇದಕ್ಕಿಂತ ಉತ್ತಮವಾದ ಪಾಠ ದುರ್ಲಭ. ಸರ್ಕಾರ ತೀರಿಸಬೇಕಾದ ಋಣವನ್ನು ನಾವು ತೀರಿಸಿದಂತೆ ಇದರಿಂದ ಆಗಲಾರದು, ನಿಜ. ಆದರೆ ನಮ್ಮ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳಲು ಮಾತ್ರ ಮುಂದೆ ಯಾರಿಗೂ ಅವಕಾಶವಿರದು.