ಕೊಕ್ಕೊ ತೋಟದ ಮರಗಳು ಮತ್ತು ಪ್ರಮಾದದ ಪ್ರಶ್ನೆ

ತನ್ನ ಅನುಕೂಲಕ್ಕಾಗಿ ಉಳಿಸಿಕೊಂಡ ಜೀವವೊಂದನ್ನು ಮನುಷ್ಯನು ನಿಜವಾಗಿ ಗೌರವಿಸಿದಂತಾಯಿತೇ, ಇಲ್ಲವೇ ಅದರ ನಾಶವನ್ನು ಮುಂದಕ್ಕೆ ಹಾಕಿದಂತಷ್ಟೇ ಆಯಿತೇ ಎಂಬ ಪ್ರಶ್ನೆಗೆ ಬ್ರೆಜಿಲಿನ ಬಹಿಯಾ ರಾಜ್ಯದ ದಕ್ಷಿಣ ಭಾಗದಷ್ಟು ತೊಡಕಿನ ಉದಾಹರಣೆ ಸಿಗುವುದು ಕಷ್ಟ. ಇಲ್ಯೇಯುಸ್ ಮತ್ತು ಇಟಬೂನಾ ಪಟ್ಟಣಗಳ ಸುತ್ತಲಿನ ಈ ಸೀಮೆಗೆ ಅಮೆಜಾನ್ ಕಡೆಯಿಂದ ಕೊಕ್ಕೊ ಬೀಜ ಬಂದದ್ದು 1746ರಲ್ಲಿ ಎಂದು ಹೇಳುತ್ತಾರೆ. ಅಲ್ಲಿನ ಬೆಳೆಗಾರರು ಅಟ್ಲಾಂಟಿಕ್ ಮಳೆಕಾಡನ್ನು ಪೂರ್ತಿ ಕಡಿಯಲಿಲ್ಲ. ಕೆಳಗಿನ ಪೊದೆಗಳನ್ನು ಸವರಿ, ಮೇಲಿನ ಮರಗಳಲ್ಲಿ ಕೆಲವನ್ನು ತೆಗೆದು, ಉಳಿದವುಗಳ ನೆರಳಿನಲ್ಲಿ ಕೊಕ್ಕೊ ಗಿಡಗಳನ್ನು ನೆಟ್ಟರು. ಹೀಗೆ ಮೇಲೆ ಕಾಡು, ಕೆಳಗೆ ತೋಟ ಇರುವ ಈ ಪದ್ಧತಿಗೆ ಅಲ್ಲಿ ಕಬ್ರೂಕಾ ಎಂದು ಹೆಸರು. ಕೊಕ್ಕೊ ಹುಟ್ಟಿನಿಂದಲೇ ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವ ಗಿಡ. ಅದರ ಹೂವು ಕಾಂಡಕ್ಕೇ ಅಂಟಿಕೊಂಡು ಅರಳುತ್ತದೆ, ಆ ಹೂವಿಗೆ ಪರಾಗಸ್ಪರ್ಶ ಮಾಡುವ ಗುಂಗುರಿನಷ್ಟು ಸಣ್ಣ ನೊಣಗಳು ಕೊಳೆತ ಎಲೆಗಳ ತೇವದಲ್ಲಿ ಮರಿ ಮಾಡುತ್ತವೆ. ಆದುದರಿಂದ ಮೇಲಿನ ಮರ ಉದುರಿಸುವ ತರಗೆಲೆಗೂ ಕೆಳಗಿನ ಗಿಡ ಹಿಡಿಯುವ ಕಾಯಿಗೂ ನೇರ ಸಂಬಂಧವಿದೆ.

ಆದರೆ ಮರಗಳನ್ನು ಉಳಿಸಿದವರ ಉದ್ದೇಶದಲ್ಲಿ ಭಕ್ತಿಯನ್ನಾಗಲಿ ಕರುಣೆಯನ್ನಾಗಲಿ ಹುಡುಕುವುದು ವ್ಯರ್ಥ. ದೊಡ್ಡ ಮರ ಕಡಿಯಲು ಆಳು ಹೆಚ್ಚು ಬೇಕಿತ್ತು, ನೆರಳಿನಲ್ಲಿ ಗಿಡ ಹೆಚ್ಚು ಕಾಲ ಬಾಳುತ್ತಿತ್ತು, ಇಷ್ಟೇ ಲೆಕ್ಕ. ಜಾರ್ಜ್ ಅಮಾಡೊ 1943ರ ತನ್ನ ಕಾದಂಬರಿಯಲ್ಲಿ ಚಿತ್ರಿಸಿದ, 'ಕರ್ನಲ್'ಗಳೆಂದು ಕರೆಸಿಕೊಳ್ಳುತ್ತಿದ್ದ ಜಮೀನುದಾರರು ಕಾಡಿಗಾಗಿ ಪರಸ್ಪರ ಕೊಲೆ ಮಾಡಿಸಿದವರು. ಅಲ್ಲಿನ ಮೂಲನಿವಾಸಿಗಳಾದ ತುಪಿನಂಬಾ ಜನರ ನೆಲ ಇದೇ ತೋಟಗಳಿಗಾಗಿ ಅವರ ಕೈತಪ್ಪಿತು. ಕರ್ತವ್ಯಕ್ಕೆ ಹೊಂದುವಂತಿದ್ದರೂ ಕರ್ತವ್ಯಪ್ರಜ್ಞೆಯಿಂದ ಹುಟ್ಟದ ಕೆಲಸಕ್ಕೆ ನೈತಿಕ ಬೆಲೆಯಿಲ್ಲ ಎಂದು 1785ರಲ್ಲಿ ವಾದಿಸಿದ ಇಮ್ಯಾನ್ಯುಯೆಲ್ ಕಾಂಟ್‌ನ ಮಾನದಂಡವನ್ನು ಹಿಡಿದರೆ, ಕಬ್ರೂಕಾ ನೀತಿಯ ಎಲ್ಲೆಯ ಹೊರಗೇ ಉಳಿಯುತ್ತದೆ. ಕಾಂಟ್ ಮರಗಳಿಗೆ ಆ ಎಲ್ಲೆಯೊಳಗೆ ಸ್ಥಾನವನ್ನೂ ಕೊಟ್ಟವನಲ್ಲ, ವಿವೇಚನಾಶಕ್ತಿ ಇರುವವರನ್ನು ಮಾತ್ರ ಗುರಿಯೆಂದು ಕಾಣಬೇಕೆಂಬುದು ಅವನ ಮತ. ಹಾಗಿದ್ದೂ ಅವನ ನಿಯಮದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ಇನ್ನೊಬ್ಬರನ್ನು ಸಾಧನವಾಗಿ ಬಳಸುವುದನ್ನು ಅವನು ನಿಷೇಧಿಸಲಿಲ್ಲ, ಬರಿಯ ಸಾಧನವಾಗಿ ಬಳಸುವುದನ್ನು ಮಾತ್ರ ನಿಷೇಧಿಸಿದ. ಈ ಭೇದವನ್ನು ಮರಕ್ಕೆ ವಿಸ್ತರಿಸಿದರೆ, ಬಳಕೆ ಮುಗಿದ ಮೇಲೆ ಮರದ ಗತಿಯೇನಾಯಿತು ಎಂಬುದೇ ಪರೀಕ್ಷೆಯಾಗುತ್ತದೆ.

ಪರೀಕ್ಷೆ ಎರಡು ಬಾರಿ ಬಂತು. 1957ರಲ್ಲಿ ಸ್ಥಾಪನೆಯಾದ ಸೆಪ್ಲಾಕ್ ಎಂಬ ಸರಕಾರಿ ಕೊಕ್ಕೊ ಸಂಸ್ಥೆ, ಇಳುವರಿ ಹೆಚ್ಚಬೇಕಾದರೆ ನೆರಳು ಕಡಿಮೆಯಾಗಬೇಕು, ಗೊಬ್ಬರ ಹೆಚ್ಚಬೇಕು ಎಂದು ಮುಂದಿನ ದಶಕಗಳಲ್ಲಿ ಸಲಹೆ ಕೊಟ್ಟಿತು. ಕೆಲವರು ಕೇಳಿದರು, ಅನೇಕರು ಕೇಳಲಿಲ್ಲ. ಅನಂತರ 1989ರಲ್ಲಿ 'ಮಾಟಗಾತಿಯ ಪೊರಕೆ' ಎಂಬ ಶಿಲೀಂಧ್ರ ರೋಗ ಕಾಣಿಸಿಕೊಂಡು, ಹನ್ನೆರಡು ವರ್ಷಗಳೊಳಗೆ ಬಹಿಯಾದ ಫಸಲನ್ನು ಮೂರರಲ್ಲೊಂದು ಪಾಲಿಗಿಂತಲೂ ಕೆಳಕ್ಕೆ ಇಳಿಸಿತು. ಕೊಕ್ಕೊ ಇಲ್ಲದ ಮೇಲೆ ನೆರಳೇಕೆ ಎಂದು ಮರ ಮಾರಿ ಹುಲ್ಲುಗಾವಲು ಮಾಡಿದವರಿದ್ದರು, ಏನೂ ಮಾಡದೆ ಬಿಟ್ಟವರೂ ಇದ್ದರು. ಬಿಟ್ಟವರಲ್ಲಿ ಎಷ್ಟು ಮಂದಿ ಮರದ ಮೇಲಿನ ಮಮತೆಯಿಂದ ಬಿಟ್ಟರು, ಎಷ್ಟು ಮಂದಿ ಕೈಯಲ್ಲಿ ಕಾಸಿಲ್ಲದೆ ಬಿಟ್ಟರು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಉದ್ದೇಶವನ್ನೇ ನೆಚ್ಚಿದ ನೀತಿಶಾಸ್ತ್ರ ಇಲ್ಲಿ ತಡವರಿಸುತ್ತದೆ.

ಇದಕ್ಕಿಂತ ಗಂಭೀರವಾದ ತೊಡಕು ತೋಟದ ನೆಲದಲ್ಲೇ ಇದೆ. ಕಬ್ರೂಕಾದಲ್ಲಿ ಆಗಾಗ ಕತ್ತಿಯಿಂದ ಕಳೆ ಸವರುತ್ತಾರೆ. ಹುಲ್ಲಿನ ಜೊತೆಗೆ ಮೇಲಿನ ಮರಗಳ ಬೀಜದಿಂದ ತಾನಾಗಿ ಹುಟ್ಟಿದ ಸಸಿಗಳೂ ಉರುಳುತ್ತವೆ. ನೂರು ವರ್ಷದ ಮರ ಎತ್ತರವಾಗಿ ನಿಂತೇ ಇರುತ್ತದೆ, ಅದರ ಸಂತತಿ ಮಾತ್ರ ಮೊಣಕಾಲೆತ್ತರ ದಾಟುವುದಿಲ್ಲ. ಇಂಥ ತೋಟಗಳ ಮರಗಳನ್ನು ಎಣಿಸಿ ನೋಡಿದ ಸಂಶೋಧಕರು, ಮುದಿ ಮರಗಳು ಬಿದ್ದ ಹಾಗೆ ಅವುಗಳ ಜಾಗಕ್ಕೆ ಹಾಲವಾಣದ ಕುಲದವು, ಹಲಸು ಮೊದಲಾದ ನೆಟ್ಟ ಮರಗಳು ಬರುತ್ತಿವೆ ಎಂದು ಕಂಡುಕೊಂಡಿದ್ದಾರೆ. ಹಲಸು ಪೋರ್ಚುಗೀಸರ ಹಡಗುಗಳಲ್ಲಿ ಭಾರತದಿಂದ ಅಲ್ಲಿಗೆ ಹೋದ ಮರ. ಆ ಸೀಮೆಯನ್ನು ಬಿಟ್ಟರೆ ಬೇರೆಲ್ಲೂ ಹೆಚ್ಚಾಗಿ ಬದುಕದ ಚಿನ್ನದ ತಲೆಯ ಸಿಂಹ ಟ್ಯಾಮರಿನ್ ಎಂಬ ಪುಟ್ಟ ಕೋತಿಗೆ ಈಗ ಅದೇ ಹಣ್ಣು ಮುಖ್ಯ ಆಹಾರಗಳಲ್ಲೊಂದಾಗಿರುವುದರಿಂದ, ಹೊರಗಿನ ಮರವೆಂದು ಅದನ್ನು ಬೈಯುವುದೂ ಸುಲಭವಲ್ಲ. ಒಟ್ಟಿನಲ್ಲಿ ಇಲ್ಲಿ ಕಾಡು ಸಾಯುತ್ತಿದೆ, ಆದರೆ ಅದನ್ನು ಕೊಲ್ಲಬೇಕೆಂದು ಯಾರೂ ನಿರ್ಧರಿಸಿಲ್ಲ.

ನಿರ್ಧಾರವಿಲ್ಲದ ಕೊಲೆಯನ್ನು ಹೆಸರಿಟ್ಟು ಗುರುತಿಸುವ ಕೆಲಸವನ್ನು ಜೈನ ದರ್ಶನದಷ್ಟು ನಿಖರವಾಗಿ ಮಾಡಿದ ದರ್ಶನಗಳು ವಿರಳ. ಅದರ ಪ್ರಕಾರ ಮರವು ಏಕೇಂದ್ರಿಯ ಜೀವ, ಎಂದರೆ ಸ್ಪರ್ಶವೊಂದನ್ನೇ ಉಳ್ಳ ಜೀವ. ಗೃಹಸ್ಥನಾದ ಶ್ರಾವಕನು ಬೇಸಾಯ ಮಾಡುವಾಗ ಇಂಥ ಜೀವಗಳಿಗೆ ಆಗುವ ನೋವನ್ನು ಉದ್ಯೋಗೀ ಹಿಂಸೆ, ಅಂದರೆ ಜೀವನೋಪಾಯದಲ್ಲಿ ತಪ್ಪಿಸಲಾಗದ ಹಿಂಸೆ ಎಂದು ಕರೆದು, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯಿಂದ ಬೇರೆ ಮಾಡಿದ್ದಾರೆ. ಮನುಷ್ಯರಿಗೆ ಕೃಷಿಯನ್ನು ಕಲಿಸಿದವನೇ ಮೊದಲ ತೀರ್ಥಂಕರನೆಂದು ಹೇಳುವ ಪರಂಪರೆಗೆ, ನೇಗಿಲು ಹಿಡಿದವನನ್ನು ಒಟ್ಟಾರೆ ದೂಷಿಸುವುದು ಸಾಧ್ಯವೂ ಇರಲಿಲ್ಲ. ಆದರೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರೂಪಿಸುವಾಗ ಜೀವ ಹೋಯಿತೆಂಬುದರ ಜೊತೆಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಲಕ್ಷಣದ ಭಾಗವಾಗಿ ಸೇರಿಸುತ್ತದೆ. ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರು ಇನ್ನೂ ಮುಂದಕ್ಕೆ ಹೋಗಿ, ಎದುರಿನ ಜೀವ ಸಾಯಲಿ ಬಿಡಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ ಎಂಬ ನಿಲುವನ್ನು ತಾಳುತ್ತಾರೆ. ಈ ಬೆಳಕಿನಲ್ಲಿ ಒಂದು ಮರವನ್ನು ಗುರುತು ಹಾಕಿ ಕಡಿಯುವುದಕ್ಕಿಂತ, ಯಾವ ಸಸಿ ಯಾವುದೆಂದು ನೋಡದೆ ಇಡೀ ನೆಲವನ್ನು ಸವರುವುದು ಹೆಚ್ಚು ವಿಚಾರಣೆಗೆ ಅರ್ಹವಾದ ಕೃತ್ಯವಾಗುತ್ತದೆ. ಈ ಅನ್ವಯದಲ್ಲಿ ಸ್ವಲ್ಪ ಎಳೆದಾಟವಿದೆ ಎಂಬುದನ್ನು ಒಪ್ಪಬೇಕು: ಜೈನ ಆಚಾರ್ಯರ ಚಿಂತೆ ಕತ್ತಿ ಹಿಡಿದವನ ಆತ್ಮಕ್ಕೆ ಅಂಟುವ ಕರ್ಮದ ಬಗೆಗಿತ್ತೇ ಹೊರತು, ಒಂದು ಕಾಡಿನ ಮುಂದಿನ ತಲೆಮಾರಿನ ಬಗೆಗಲ್ಲ. ಆದರೂ ಸಸಿಗೆ ಬೇಕಾದ ರಕ್ಷಣೆ ಮತ್ತು ಆತ್ಮಕ್ಕೆ ಬೇಕಾದ ಎಚ್ಚರ ಇಲ್ಲಿ ಒಂದೇ ಕೆಲಸದಲ್ಲಿ ಕೂಡಿಕೊಳ್ಳುತ್ತವೆ.

ಎಚ್ಚರದಿಂದ ಕಡಿಯುವುದು ಹೇಗಿರುತ್ತದೆ ಎಂಬುದಕ್ಕೆ ಬಹಿಯಾದಲ್ಲೇ ಉದಾಹರಣೆಯಿದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಅರ್ನ್ಸ್ಟ್ ಗೋಚ್ 1984ರಲ್ಲಿ ಪಿರಾಯಿ ದೊ ನೊರ್ತೆ ಎಂಬಲ್ಲಿ ಸವಕಳಿಯಾದ ನೆಲವನ್ನು ಕೊಂಡು, ಬೇಗ ಬೆಳೆದು ಬೇಗ ಸಾಯುವ ಗಿಡಗಳಿಂದ ಹಿಡಿದು ಶತಮಾನ ಬಾಳುವ ಮರಗಳವರೆಗೆ ಎಲ್ಲವನ್ನೂ ಒಟ್ಟಿಗೆ ಬೆಳೆಸಿ, ಅವುಗಳ ನಡುವೆ ಕೊಕ್ಕೊ ಬೆಳೆದವರು. ಅವರ ತೋಟದಲ್ಲಿ ಕಬ್ರೂಕಾಕ್ಕಿಂತ ಕಡಿತ ಹೆಚ್ಚು. ಕೊಂಬೆಗಳನ್ನು, ಕೆಲವೊಮ್ಮೆ ಇಡೀ ಮರಗಳನ್ನು ಕಡಿದು ನೆಲಕ್ಕೆ ಹೊದಿಸುತ್ತಾರೆ, ಆದರೆ ಪ್ರತಿ ಕಡಿತವೂ ಮುಂದೆ ಬರಬೇಕಾದ ಗಿಡವೊಂದಕ್ಕೆ ಬೆಳಕು ಬಿಡುವ ಲೆಕ್ಕದಲ್ಲಿ ನಡೆಯುತ್ತದೆ. ಪ್ರಕೃತಿಯಲ್ಲಿ ಪ್ರತಿ ಜೀವಿಗೂ ಒಂದು ನಿಯೋಜಿತ ಕಾರ್ಯವಿದೆ, ಮನುಷ್ಯನಿಗೂ ಅಂಥದೇ ಒಂದಿದೆ ಎಂಬ ಅವರ ತತ್ತ್ವವನ್ನು ಒಪ್ಪಲೇಬೇಕೆಂದಿಲ್ಲ, ಕಾಡಿಗೆ ಯಾರಾದರೂ ಕೆಲಸ ಹಂಚಿಕೊಟ್ಟಿದ್ದಾರೆಂಬುದಕ್ಕೆ ಆಧಾರ ಸಾಲದು. ಒಪ್ಪದೆಯೂ ಅವರ ಕತ್ತಿಯ ಹಿಂದಿನ ಗಮನವನ್ನು ಮೆಚ್ಚಬಹುದು. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಬಹಿಯಾದಲ್ಲಿ ಕಟ್ಟಿದ ಕಾಂಡೊಂಬ್ಲೆ ಧರ್ಮದಲ್ಲಿ ಇದೇ ಗಮನ ಆಚಾರದ ರೂಪ ಪಡೆದಿದೆ: ಆಲ, ಅತ್ತಿಗಳ ಕುಲಕ್ಕೆ ಸೇರಿದ ದೊಡ್ಡ ಮರದಲ್ಲಿ ಇರೋಕೊ ಎಂಬ ದೇವತೆ ನೆಲೆಸಿರುವುದರಿಂದ ಅದಕ್ಕೆ ಬಿಳಿ ಬಟ್ಟೆ ಸುತ್ತಿ ಪೂಜಿಸುತ್ತಾರೆ, ಎಲೆ ಕೊಯ್ಯುವ ಮೊದಲು ಎಲೆಗಳ ಒಡೆಯನಾದ ಒಸ್ಸಾಯಿಂನ ಅಪ್ಪಣೆ ಕೇಳುತ್ತಾರೆ.

ಆದರೆ ಗಮನವೂ ಯಾರಿಗೆ ಎಷ್ಟು ಸಾಧ್ಯ ಎಂಬುದು ಆಸ್ತಿಯ ಹಂಚಿಕೆಯನ್ನು ಅವಲಂಬಿಸಿದೆ. ಫಸಲಿನಲ್ಲಿ ಪಾಲು ಪಡೆದು ದುಡಿಯುವ ಗೇಣಿಗಾರನಿಗೆ, ಎಂಬತ್ತು ವರ್ಷದ ನಂತರ ಮರವಾಗುವ ಸಸಿಯಲ್ಲಿ ಯಾವ ಪಾಲೂ ಇಲ್ಲ. ಕೊಕ್ಕೊಗೆ ಹೆಸರಾದ ಘಾನಾ ದೇಶದಲ್ಲಿ 1962ರ ಕಾನೂನು ತಾನಾಗಿ ಹುಟ್ಟಿದ ನಾಟಾ ಮರಗಳ ಒಡೆತನವನ್ನು ಸರಕಾರದ ಕೈಗೆ ಕೊಟ್ಟದ್ದರಿಂದ, ಮುಂದೆ ಗುತ್ತಿಗೆದಾರ ಬಂದು ಮರ ಉರುಳಿಸುವಾಗ ಕೊಕ್ಕೊ ಗಿಡಗಳು ಜಜ್ಜಿ ಹೋಗುವ ಭಯಕ್ಕೆ ರೈತರು ಅಂಥ ಸಸಿಗಳನ್ನು ಎಳೆಯದರಲ್ಲೇ ಕಿತ್ತ ಉದಾಹರಣೆಗಳಿವೆ. ಇಲ್ಲಿ ಎಚ್ಚರಕ್ಕೆ ಕೊರತೆಯಿಲ್ಲ. ಸಸಿಯನ್ನು ಚೆನ್ನಾಗಿ ಗುರುತಿಸಬಲ್ಲವನೇ ಅದನ್ನು ಕೀಳುತ್ತಾನೆ. ಜೈನ ದರ್ಶನವು ದೋಷವನ್ನು ಮಾಡಿದವನಿಗೆ ಮಾತ್ರ ಕಟ್ಟದೆ ಕೃತ, ಕಾರಿತ, ಅನುಮೋದಿತ, ಅಂದರೆ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಮೂರು ಬಗೆಯಲ್ಲಿ ಹಂಚುತ್ತದೆ. ಕಿತ್ತವನು ರೈತ, ಕೀಳುವಂತೆ ಮಾಡಿದ್ದು ಕಾನೂನು ಎಂದು ಮೊದಲೆರಡನ್ನು ಗುರುತಿಸಬಹುದು. ಚಾಕೊಲೇಟು ಕೊಳ್ಳುವವನ ಅಜ್ಞಾನ ಮೂರನೆಯದರಲ್ಲಿ ಸೇರುತ್ತದೆಯೇ ಎಂಬುದು, ಕೊಳ್ಳುವವನಿಗೂ ಬೆಳೆಗಾರನಿಗೂ ನಡುವೆ ಸಾಗರವಿರದಿದ್ದ ಕಾಲದ ಆ ವಿಂಗಡಣೆಯಲ್ಲಿ ತೀರ್ಮಾನವಾಗದೆ ಉಳಿದಿರುವ ಪ್ರಶ್ನೆ.